ಜಾನ್ ಲ್ಯಾಂಗ್ಡನ್ ಡೌನ್

ಜಾನ್ ಲ್ಯಾಂಗ್ಡನ್ ಹೇಡನ್ ಡೌನ್ (18 ನವೆಂಬರ್ 1828 – 7 ಅಕ್ಟೋಬರ್ 1896) ಇಂಗ್ಲೆಂಡಿನ ವೈದ್ಯರು. ಬೌದ್ಧಿಕ ನ್ಯೂನತೆಯುಳ್ಳವರ ಆರೈಕೆ ಮತ್ತು ಶಿಕ್ಷಣಕ್ಕೆ ತಮ್ಮ ವೃತ್ತಿಜೀವನದ ಬಹುಭಾಗವನ್ನು ಮುಡಿಪಾಗಿಟ್ಟವರು. ಇಂದು ಡೌನ್ ಸಿಂಡ್ರೋಮ್ ಎಂದು ಕರೆಯಲಾಗುವ ಸ್ಥಿತಿಯ ಲಕ್ಷಣಗಳನ್ನು 1866ರಲ್ಲಿ ಸ್ಪಷ್ಟವಾಗಿ ಗುರುತಿಸಿ ವಿವರಿಸಿದ ಕಾರಣ ಅವರ ಹೆಸರು ಲೋಕಪ್ರಸಿದ್ಧವಾಯಿತು. ಪ್ರಾಡರ್-ವಿಲ್ಲಿ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಸ್ಥಿತಿಯ ಚಿತ್ರಣವೂ ಅವರ ಬರಹಗಳಲ್ಲಿ ಕಾಣಸಿಗುತ್ತದೆ. ಸ್ಪರ್ಶ, ರುಚಿ, ದೃಷ್ಟಿ ಮುಂತಾದ ಇಂದ್ರಿಯಗಳ ತರಬೇತಿಯಿಂದ ಆರಂಭಿಸಿ ದಿನನಿತ್ಯದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳುವ ಹಂತದವರೆಗೆ ಮಕ್ಕಳನ್ನು ನಡೆಸಿಕೊಂಡು ಹೋಗುವ ವಿಧಾನವನ್ನು ಅವರು ತಮ್ಮ ಸಂಸ್ಥೆಗಳಲ್ಲಿ ಆಚರಣೆಗೆ ತಂದರು. ಅವರು ರೂಪಿಸಿದ ಜನಾಂಗೀಯ ವರ್ಗೀಕರಣವನ್ನು ವಿಜ್ಞಾನವು ತಿರಸ್ಕರಿಸಿದೆ. ಅವರ ಶಿಕ್ಷಣಕ್ರಮದ ಮೂಲತತ್ವಗಳು ಮಾತ್ರ ಇಂದಿಗೂ ಬಳಕೆಯಲ್ಲಿವೆ.

ಆರಂಭಿಕ ಜೀವನ

ಡೌನ್ ಅವರು ಇಂಗ್ಲೆಂಡಿನ ನೈಋತ್ಯ ಭಾಗದ ಕಾರ್ನ್‌ವಾಲ್ ಪ್ರಾಂತ್ಯದ ಟಾರ್‌ಪಾಯಿಂಟ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೋಸೆಫ್ ಆಲ್ಮಂಡ್ ಡೌನ್ ಅಲ್ಲಿ ಔಷಧಿ ಮತ್ತು ದಿನಸಿಯ ಅಂಗಡಿ ನಡೆಸುತ್ತಿದ್ದರು. ತಾಯಿ ಹ್ಯಾನಾ ಹೇಡನ್. ಜಾನ್ ಅವರ ಶಾಲಾ ವಿದ್ಯಾಭ್ಯಾಸ 14ನೆಯ ವಯಸ್ಸಿಗೇ ನಿಂತಿತು. ಆನಂತರ ಅವರು ತಂದೆಯ ಅಂಗಡಿಯಲ್ಲಿ ಕೆಲಸ ಕಲಿಯತೊಡಗಿದರು.

ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತೆನ್ನಲಾದ ಘಟನೆ ಈ ಅವಧಿಯದು. ಸುಮಾರು 18ನೆಯ ವಯಸ್ಸಿನಲ್ಲಿ ಮನೆಯವರೊಂದಿಗೆ ವಿಹಾರಕ್ಕೆ ಹೋಗಿದ್ದಾಗ ಜೋರಾಗಿ ಮಳೆ ಬಂದುದರಿಂದ ಅವರು ಹತ್ತಿರದ ಗುಡಿಸಲೊಂದರಲ್ಲಿ ಆಶ್ರಯ ಪಡೆದರು. ಅಲ್ಲಿ ಅವರಿಗೆ ಉಪಚಾರ ಮಾಡಿದ ಹುಡುಗಿಗೆ ಬೌದ್ಧಿಕ ನ್ಯೂನತೆಯಿತ್ತು. ಇಂಥವರಿಗಾಗಿ ಏನನ್ನೂ ಮಾಡಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಅಂದು ತಮ್ಮಲ್ಲಿ ಮೂಡಿತೆಂದು ಅವರು ಮುಂದೆ ಸ್ಮರಿಸಿಕೊಂಡರು.

ಅದೇ ವಯಸ್ಸಿನಲ್ಲಿ ಅವರು ಲಂಡನ್ನಿಗೆ ತೆರಳಿ, ವೈಟ್‌ಚಾಪೆಲ್ ರಸ್ತೆಯ ಶಸ್ತ್ರವೈದ್ಯರೊಬ್ಬರ ಬಳಿ ಸಹಾಯಕರಾಗಿ ಸೇರಿದರು. ಸೀಸೆಗಳನ್ನು ತೊಳೆಯುವುದು, ಹಲ್ಲು ಕೀಳುವುದು, ಅಂದಿನ ರೂಢಿಯಂತೆ ರೋಗಿಗಳ ರಕ್ತ ತೆಗೆಯುವುದು ಅವರ ಪಾಲಿನ ಕೆಲಸಗಳಾಗಿದ್ದವು. ಮುಂದೆ ಬ್ಲೂಮ್ಸ್‌ಬರಿ ಚೌಕದಲ್ಲಿದ್ದ ಔಷಧ ವಿಜ್ಞಾನ ಸಂಘದ ಪ್ರಯೋಗಾಲಯವನ್ನು ಸೇರಿ ರಸಾಯನಶಾಸ್ತ್ರದಲ್ಲಿ ಬಹುಮಾನ ಗಳಿಸಿದರು. ಪ್ರಸಿದ್ಧ ವಿಜ್ಞಾನಿ ಮೈಕಲ್ ಫ್ಯಾರಡೆ ಅವರ ಪರಿಚಯವೂ ಈ ದಿನಗಳಲ್ಲಿ ಆಯಿತು. ಅನಾರೋಗ್ಯದ ಕಾರಣ ಕೆಲಕಾಲ ಊರಿಗೆ ಮರಳಬೇಕಾಯಿತು. 1853ರಲ್ಲಿ ತಂದೆಯ ಮರಣಾನಂತರ ಅವರು ಲಂಡನ್ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು. ಸಹಪಾಠಿಗಳಿಗಿಂತ ವಯಸ್ಸಿನಲ್ಲಿ ಹಿರಿಯರಾಗಿದ್ದ ಅವರು ಹಲವು ಪದಕಗಳೊಂದಿಗೆ ಶಿಕ್ಷಣ ಮುಗಿಸಿ, 1856ರಲ್ಲಿ ವೈದ್ಯವೃತ್ತಿಗೆ ಅರ್ಹತೆ ಪಡೆದರು.

ಅರ್ಲ್ಸ್‌ವುಡ್‌ನಲ್ಲಿ ಸೇವೆ

1858ರಲ್ಲಿ ಡೌನ್ ಅವರು ಸರ್ರೆ ಪ್ರಾಂತ್ಯದ ಅರ್ಲ್ಸ್‌ವುಡ್ ಆಶ್ರಮಾಲಯದ ವೈದ್ಯಕೀಯ ಅಧೀಕ್ಷಕರಾಗಿ ನೇಮಕಗೊಂಡರು. ಬೌದ್ಧಿಕ ನ್ಯೂನತೆಯುಳ್ಳವರಿಗಾಗಿಯೇ ದಾನಿಗಳ ನೆರವಿನಿಂದ ಸ್ಥಾಪಿತವಾಗಿದ್ದ ಸಂಸ್ಥೆ ಅದು. ಅಲ್ಲಿಗೆ ಅನೇಕ ಮಕ್ಕಳ ಪ್ರವೇಶವು ಚಂದಾದಾರರ ಮತಗಳಿಂದ ನಿರ್ಧಾರವಾಗುತ್ತಿತ್ತು. ವೈದ್ಯಲೋಕದಲ್ಲಿ ಈ ಹುದ್ದೆಗೆ ಹೆಚ್ಚಿನ ಗೌರವವಿರಲಿಲ್ಲ. ಪ್ರತಿಭಾವಂತರೆಂದು ಹೆಸರಾಗಿದ್ದ ಯುವ ವೈದ್ಯರೊಬ್ಬರು ಇದನ್ನು ಆರಿಸಿಕೊಂಡದ್ದು ಅವರ ಪರಿಚಿತರಿಗೆ ಅಚ್ಚರಿ ತಂದಿತು. ಮರುವರ್ಷ ಅವರು ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪದವಿ ಪಡೆದರು. ಲಂಡನ್ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿಯೂ ನೇಮಕಗೊಂಡರು.

ಅವರು ಅಧಿಕಾರ ವಹಿಸಿಕೊಂಡಾಗ ಸಂಸ್ಥೆಯ ಸ್ಥಿತಿ ತೃಪ್ತಿಕರವಾಗಿರಲಿಲ್ಲ. ಮೊದಲಿಗೆ ಅವರು ಸ್ವಚ್ಛತೆ, ಆಹಾರ ಮತ್ತು ಸಿಬ್ಬಂದಿಯ ವರ್ತನೆಗಳತ್ತ ಗಮನ ಹರಿಸಿದರು. ದೈಹಿಕ ಶಿಕ್ಷೆಯನ್ನು ನಿಷೇಧಿಸಿದರು. ಒಳ್ಳೆಯ ನಡತೆಗೆ ಮೆಚ್ಚುಗೆ ಮತ್ತು ಬಹುಮಾನ ನೀಡುವ ಪದ್ಧತಿಯನ್ನು ಜಾರಿಗೆ ತಂದರು. ನಿವಾಸಿಗಳು ಮೇಜಿನ ಮುಂದೆ ಕುಳಿತು, ಚಾಕು ಮತ್ತು ಫೋರ್ಕ್ ಬಳಸಿ ಊಟ ಮಾಡುವುದನ್ನು ರೂಢಿಸಿದರು. 1860ರಲ್ಲಿ ಮೇರಿ ಕ್ರೆಲಿನ್ ಅವರನ್ನು ವಿವಾಹವಾದರು. ಮೇರಿ ಯಾವುದೇ ವೇತನವಿಲ್ಲದೆ ಸಂಸ್ಥೆಯ ಕೆಲಸಗಳಲ್ಲಿ ಪತಿಯೊಂದಿಗೆ ದುಡಿದರು.

ನಿವಾಸಿಗಳ ಛಾಯಾಚಿತ್ರಗಳನ್ನು ಡೌನ್ ಅವರು ಸ್ವತಃ ತೆಗೆಯುತ್ತಿದ್ದರು. ಛಾಯಾಗ್ರಹಣವು ಇನ್ನೂ ಹೊಸದಾಗಿದ್ದ ಆ ಕಾಲದಲ್ಲಿ ವೈದ್ಯಕೀಯ ದಾಖಲೆಗಾಗಿ ಅದನ್ನು ಬಳಸಿದ ಮೊದಲಿಗರಲ್ಲಿ ಅವರೂ ಒಬ್ಬರು. ತಲೆ, ಬಾಯಿ ಹಾಗೂ ನಾಲಗೆಯ ಅಳತೆ ಮತ್ತು ಆಕಾರಗಳನ್ನೂ ಅವರು ಕ್ರಮಬದ್ಧವಾಗಿ ದಾಖಲಿಸಿದರು. ಅವರ ಮುಂದಿನ ಸಂಶೋಧನೆಗೆ ಈ ದಾಖಲೆಗಳೇ ಆಧಾರವಾದವು.

1866ರ ಪ್ರಬಂಧ

1866ರಲ್ಲಿ ಡೌನ್ ಅವರು ಲಂಡನ್ ಆಸ್ಪತ್ರೆಯ ವರದಿಗಳಲ್ಲಿ ಒಂದು ಕಿರುಪ್ರಬಂಧವನ್ನು ಪ್ರಕಟಿಸಿದರು. ಬೌದ್ಧಿಕ ನ್ಯೂನತೆಯುಳ್ಳವರನ್ನು ಮುಖಲಕ್ಷಣಗಳ ಆಧಾರದ ಮೇಲೆ ವಿವಿಧ ಜನಾಂಗಗಳಿಗೆ ಹೋಲಿಸಿ ವರ್ಗೀಕರಿಸುವುದು ಅದರ ಉದ್ದೇಶವಾಗಿತ್ತು. ಜರ್ಮನಿಯ ಬ್ಲೂಮೆನ್‌ಬಾಖ್ ಅವರು ರೂಪಿಸಿದ್ದ ಮಾನವ ಜನಾಂಗಗಳ ವಿಭಜನೆಯನ್ನು ಅವರು ಅನುಸರಿಸಿದ್ದರು. ತಾವು ಗಮನಿಸಿದ ಒಂದು ಗುಂಪಿನವರಿಗೆ ಮಂಗೋಲಿಯನ್ ಎಂಬ ಹೆಸರಿಟ್ಟರು. ಈ ಗುಂಪಿನವರು ಬೇರೆ ಬೇರೆ ಕುಟುಂಬಗಳಿಂದ ಬಂದವರಾದರೂ ಒಡಹುಟ್ಟಿದವರಂತೆ ಪರಸ್ಪರ ಹೋಲುತ್ತಾರೆ ಎಂಬುದನ್ನು ಅವರು ಗುರುತಿಸಿದರು. ತಾವು ಕಂಡ ಪ್ರಕರಣಗಳಲ್ಲಿ ಇಂಥವರ ಪ್ರಮಾಣ ಶೇ. 10ಕ್ಕಿಂತ ಹೆಚ್ಚೆಂದು ದಾಖಲಿಸಿದರು.

ಬಾಹ್ಯಲಕ್ಷಣಗಳ ಜೊತೆಗೆ ಇಂದ್ರಿಯ, ಚಲನೆ ಮತ್ತು ನಡವಳಿಕೆಗಳಿಗೆ ಸಂಬಂಧಿಸಿದ ಹಲವು ಸೂಕ್ಷ್ಮ ಅವಲೋಕನಗಳು ಈ ಪ್ರಬಂಧದಲ್ಲಿವೆ. ಈ ಮಕ್ಕಳಲ್ಲಿ ಅನುಕರಣಶಕ್ತಿ ಗಮನಾರ್ಹವಾಗಿದೆ, ಹಾಸ್ಯಪ್ರಜ್ಞೆ ಚುರುಕಾಗಿದೆ, ಮಾತು ಅಸ್ಪಷ್ಟವಾಗಿದ್ದರೂ ನಾಲಗೆಗೆ ಕ್ರಮಬದ್ಧ ವ್ಯಾಯಾಮ ಕೊಟ್ಟಾಗ ಸುಧಾರಿಸುತ್ತದೆ ಎಂದು ಅವರು ತಿಳಿಸಿದರು. ಅಂಗಗಳ ಚಲನೆಯನ್ನು ಹೊಂದಿಸಿಕೊಳ್ಳುವ ಶಕ್ತಿ ಕಡಿಮೆಯಿದ್ದರೂ ತರಬೇತಿಯಿಂದ ಅದು ಬಲಗೊಳ್ಳುತ್ತದೆ ಎಂದರು. ರಕ್ತಪರಿಚಲನೆ ದುರ್ಬಲವಾಗಿರುವುದರಿಂದ ಚಳಿಗಾಲದಲ್ಲಿ ಈ ಮಕ್ಕಳ ಕಲಿಕೆ ಹಿಂದೆ ಬಿದ್ದು ಬೇಸಿಗೆಯಲ್ಲಿ ಮುಂದುವರಿಯುತ್ತದೆ ಎಂಬುದನ್ನೂ ಅವರು ಗಮನಿಸಿದ್ದರು.

ಈ ಸ್ಥಿತಿಯು ಹುಟ್ಟಿನಿಂದಲೇ ಇರುತ್ತದೆ, ಜನನಾನಂತರದ ಅಪಘಾತದಿಂದ ಬರುವುದಲ್ಲ ಎಂಬ ಅವರ ನಿರ್ಣಯ ಸರಿಯಾಗಿತ್ತು. ಆದರೆ ತಂದೆತಾಯಿಯರ ಕ್ಷಯರೋಗವೇ ಇದಕ್ಕೆ ಮುಖ್ಯ ಕಾರಣವೆಂಬ ಅವರ ಊಹೆ ತಪ್ಪಾಗಿತ್ತು. ಜನಾಂಗೀಯ ಹೋಲಿಕೆಗೂ ವೈಜ್ಞಾನಿಕ ಆಧಾರವಿರಲಿಲ್ಲ.

ಪ್ರಬಂಧದ ಹಿನ್ನೆಲೆಯಲ್ಲಿ ಅಂದಿನ ಒಂದು ದೊಡ್ಡ ವಿವಾದವಿತ್ತು. ಮಾನವ ಜನಾಂಗಗಳು ಬೇರೆ ಬೇರೆ ಮೂಲಗಳಿಂದ ಬಂದವು ಎಂಬ ವಾದವನ್ನು ಗುಲಾಮಗಿರಿಯ ಸಮರ್ಥಕರು ಬಳಸಿಕೊಳ್ಳುತ್ತಿದ್ದರು. ಒಂದು ಜನಾಂಗದ ಪೋಷಕರಿಗೆ ಇನ್ನೊಂದು ಜನಾಂಗವನ್ನು ಹೋಲುವ ಮಗು ಹುಟ್ಟಬಹುದಾದರೆ ಜನಾಂಗಗಳ ನಡುವಿನ ಗಡಿ ಶಾಶ್ವತವಾದುದಲ್ಲ, ಮನುಕುಲ ಒಂದೇ ಎಂದು ಡೌನ್ ಅವರು ತರ್ಕಿಸಿದರು. ಈ ಉದ್ದೇಶ ಉದಾರವಾಗಿತ್ತಾದರೂ ಅವರ ವಾದವು ಯುರೋಪಿನವರನ್ನು ಮೇಲಿನ ಸ್ಥಾನದಲ್ಲಿರಿಸುವ ಅಂದಿನ ಗ್ರಹಿಕೆಯಿಂದ ಮುಕ್ತವಾಗಿರಲಿಲ್ಲ. ಅವರ ತರ್ಕ ಬೇಗನೆ ಮರೆಯಾಯಿತು. ಅವರು ಬಳಸಿದ ಹೆಸರು ಮಾತ್ರ ಸುಮಾರು 100 ವರ್ಷ ಉಳಿಯಿತು.

ಇಂದ್ರಿಯ ತರಬೇತಿ ಮತ್ತು ಜೀವನ ಕೌಶಲಗಳು

ಬೌದ್ಧಿಕ ನ್ಯೂನತೆಯುಳ್ಳವರಿಗೆ ಕಲಿಸುವುದು ವ್ಯರ್ಥವೆಂಬ ಭಾವನೆ 19ನೆಯ ಶತಮಾನದ ಆರಂಭದಲ್ಲಿ ವ್ಯಾಪಕವಾಗಿತ್ತು. 1840ರ ದಶಕದಲ್ಲಿ ಫ್ರಾನ್ಸಿನ ಎಡ್ವಾರ್ಡ್ ಸೆಗ್ಯಾಂ ಅವರು ಸ್ನಾಯು ಮತ್ತು ಇಂದ್ರಿಯಗಳ ತರಬೇತಿಯ ಮೂಲಕ ಮನಸ್ಸನ್ನು ತಲುಪಬಹುದೆಂದು ತೋರಿಸಿದರು. ಡೌನ್ ಅವರ ಶಿಕ್ಷಣಕ್ರಮ ಇದೇ ಪರಂಪರೆಗೆ ಸೇರಿದ್ದು.

ಈ ಕ್ರಮದಲ್ಲಿ ಅಕ್ಷರಾಭ್ಯಾಸಕ್ಕೆ ಮುನ್ನ ದೇಹ ಮತ್ತು ಇಂದ್ರಿಯಗಳು ಸಿದ್ಧವಾಗಬೇಕಿತ್ತು. ಪೌಷ್ಟಿಕ ಆಹಾರ, ಬೆಚ್ಚನೆಯ ವಾತಾವರಣ ಮತ್ತು ವ್ಯಾಯಾಮಗಳಿಗೆ ಮೊದಲ ಸ್ಥಾನವಿತ್ತು. ಬಳಿಕ ಒರಟು ಮತ್ತು ನುಣುಪಾದ ವಸ್ತುಗಳನ್ನು ಮುಟ್ಟಿ ವ್ಯತ್ಯಾಸ ತಿಳಿಯುವುದು, ರುಚಿ ಮತ್ತು ವಾಸನೆಗಳನ್ನು ಗುರುತಿಸುವುದು, ಬಣ್ಣ ಹಾಗೂ ಆಕಾರಗಳನ್ನು ಬೇರ್ಪಡಿಸುವುದು ಮುಂತಾದ ಪಾಠಗಳು ನಡೆಯುತ್ತಿದ್ದವು. ಕೈಬೆರಳುಗಳು ಪಳಗಿದಂತೆ ಗುಂಡಿ ಹಾಕುವುದು, ಬಟ್ಟೆ ಧರಿಸುವುದು, ಊಟ ಮಾಡುವುದು ಮೊದಲಾದ ಕೆಲಸಗಳನ್ನು ಹಂತಹಂತವಾಗಿ ಕಲಿಸಲಾಗುತ್ತಿತ್ತು. ಲೆಕ್ಕವನ್ನು ಕಲಿಸಲು ಅಂಗಡಿಯಾಟವನ್ನು ಬಳಸಲಾಗುತ್ತಿತ್ತು. ಮಕ್ಕಳು ತಕ್ಕಡಿ, ತೂಕದ ಬಟ್ಟು ಮತ್ತು ನಾಣ್ಯಗಳೊಂದಿಗೆ ಕೊಳ್ಳುವವರೂ ಮಾರುವವರೂ ಆಗಿ ವ್ಯವಹಾರವನ್ನು ಅಭ್ಯಾಸ ಮಾಡುತ್ತಿದ್ದರು. ದೊಡ್ಡವರಿಗೆ ಬಡಗಿ ಕೆಲಸ, ತೋಟಗಾರಿಕೆ, ಹೊಲಿಗೆ ಮುಂತಾದ ಕಸುಬುಗಳನ್ನು ಕಲಿಸಲಾಗುತ್ತಿತ್ತು.

ಇಂದು ಮನೋವಿಜ್ಞಾನದಲ್ಲಿ ಹೊಂದಾಣಿಕೆಯ ನಡವಳಿಕೆ ಎಂಬ ಪರಿಕಲ್ಪನೆಯಿದೆ. ಒಬ್ಬ ವ್ಯಕ್ತಿ ತನ್ನ ದಿನನಿತ್ಯದ ಅಗತ್ಯಗಳನ್ನು ಎಷ್ಟರಮಟ್ಟಿಗೆ ತಾನೇ ನಿಭಾಯಿಸಬಲ್ಲ, ಇತರರೊಂದಿಗೆ ಹೇಗೆ ವ್ಯವಹರಿಸಬಲ್ಲ ಎಂಬುದನ್ನು ಅದು ಸೂಚಿಸುತ್ತದೆ. 1930ರ ದಶಕದಲ್ಲಿ ಅಮೆರಿಕದ ಎಡ್ಗರ್ ಡಾಲ್ ಅವರು ವೈನ್‌ಲ್ಯಾಂಡ್ ಮಾಪಕವನ್ನು ರೂಪಿಸಿದ ನಂತರ ಇದನ್ನು ಅಳೆಯುವುದು ಸಾಧ್ಯವಾಯಿತು. ಬುದ್ಧಿಮತ್ತೆಯ ಅಂಕಗಳೊಂದಿಗೆ ಈ ಅಳತೆಯೂ ಈಗ ಬೌದ್ಧಿಕ ನ್ಯೂನತೆಯ ನಿರ್ಣಯಕ್ಕೆ ಅಗತ್ಯವಾಗಿದೆ. ಡೌನ್ ಅವರ ಕಾಲದಲ್ಲಿ ಈ ಪದವಾಗಲಿ ಮಾಪಕವಾಗಲಿ ಇರಲಿಲ್ಲ. ಆದರೂ ಮಗು ಉಡುವುದು, ಉಣ್ಣುವುದು, ಮಾತನಾಡುವುದು, ಕೆಲಸ ಮಾಡುವುದು ಇವುಗಳಲ್ಲಿ ಆದ ಪ್ರಗತಿಯಿಂದಲೇ ಅವರು ಶಿಕ್ಷಣದ ಫಲವನ್ನು ನಿರ್ಣಯಿಸುತ್ತಿದ್ದರು.

ನಾರ್ಮನ್ಸ್‌ಫೀಲ್ಡ್ ಸ್ಥಾಪನೆ

ಅರ್ಲ್ಸ್‌ವುಡ್‌ನ ಆಡಳಿತ ಮಂಡಳಿಯೊಂದಿಗೆ ಡೌನ್ ಅವರಿಗೆ ಭಿನ್ನಾಭಿಪ್ರಾಯಗಳು ಉಂಟಾದವು. ನಿವಾಸಿಗಳು ತಯಾರಿಸಿದ ವಸ್ತುಗಳನ್ನು 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಇರಿಸಿದ್ದರ ವೆಚ್ಚವೂ ಈ ವಿವಾದದ ಒಂದು ಅಂಶವಾಗಿತ್ತು. 1868ರಲ್ಲಿ ಅವರು ರಾಜೀನಾಮೆ ನೀಡಿ, ಅದೇ ವರ್ಷ ಲಂಡನ್ನಿನ ನೈಋತ್ಯಕ್ಕಿರುವ ಹ್ಯಾಂಪ್ಟನ್ ವಿಕ್ ಬಳಿ ಮನೆಯೊಂದನ್ನು ಕೊಂಡು ತಮ್ಮದೇ ಸಂಸ್ಥೆಯನ್ನು ಆರಂಭಿಸಿದರು. ಗೆಳೆಯರಾದ ನಾರ್ಮನ್ ವಿಲ್ಕಿನ್ಸನ್ ಅವರ ಹೆಸರಿನಿಂದ ಅದಕ್ಕೆ ನಾರ್ಮನ್ಸ್‌ಫೀಲ್ಡ್ ಎಂಬ ಹೆಸರು ಬಂದಿತು.

ನಾರ್ಮನ್ಸ್‌ಫೀಲ್ಡ್ ಖಾಸಗಿ ಸಂಸ್ಥೆಯಾಗಿದ್ದುದರಿಂದ ಅಲ್ಲಿ ಹೆಚ್ಚಾಗಿ ಅನುಕೂಲಸ್ಥ ಕುಟುಂಬಗಳ ಮಕ್ಕಳಿದ್ದರು. ಇಂಥ ಕುಟುಂಬಗಳಲ್ಲಿ ನ್ಯೂನತೆಯುಳ್ಳ ಮಗುವನ್ನು ಹೊರಗಿನವರ ಕಣ್ಣಿಗೆ ಬೀಳದಂತೆ ಬಚ್ಚಿಡುವುದು ಅಪರೂಪವಾಗಿರಲಿಲ್ಲ. ಇಲ್ಲಿ ಅದೇ ಮಕ್ಕಳಿಗೆ ಪಾಠ, ಆಟ, ಕುದುರೆ ಸವಾರಿ, ಸಂಗೀತ ಮತ್ತು ನೃತ್ಯಗಳಲ್ಲಿ ತೊಡಗುವ ಅವಕಾಶ ದೊರೆಯಿತು. ಮೇರಿ ಡೌನ್ ಸಂಸ್ಥೆಯ ದೈನಂದಿನ ಆಡಳಿತವನ್ನು ನೋಡಿಕೊಂಡರು. ಡೌನ್ ಅವರು ಲಂಡನ್ನಿನಲ್ಲಿ ಖಾಸಗಿ ವೈದ್ಯವೃತ್ತಿಯನ್ನೂ ಮುಂದುವರಿಸಿದರು.

1879ರಲ್ಲಿ ಸಂಸ್ಥೆಯ ಆವರಣದಲ್ಲಿ ಒಂದು ರಂಗಮಂದಿರ ಆರಂಭವಾಯಿತು. ಮಕ್ಕಳ ಅನುಕರಣಶಕ್ತಿಯನ್ನು 1866ರಲ್ಲೇ ಗುರುತಿಸಿದ್ದ ಡೌನ್ ಅವರಿಗೆ ನಾಟಕ ಮತ್ತು ಸಂಗೀತ ಕೇವಲ ಮನರಂಜನೆಯಾಗಿರಲಿಲ್ಲ. ಅವು ಚಲನೆ, ಮಾತು ಮತ್ತು ಸಾಮಾಜಿಕ ನಡವಳಿಕೆಗಳನ್ನು ಕಲಿಸುವ ಸಾಧನಗಳೂ ಆಗಿದ್ದವು. ಚಿತ್ರಿತ ಪರದೆಗಳ ಸಹಿತ ಈ ರಂಗಮಂದಿರ ಇಂದಿಗೂ ಉಳಿದಿದೆ.

1887ರ ಉಪನ್ಯಾಸಗಳು

1887ರಲ್ಲಿ ಲಂಡನ್ ವೈದ್ಯಕೀಯ ಸಂಘವು ಡೌನ್ ಅವರನ್ನು ಲೆಟ್ಸೋಮಿಯನ್ ಉಪನ್ಯಾಸಮಾಲೆಗೆ ಆಹ್ವಾನಿಸಿತು. ಬಾಲ್ಯ ಮತ್ತು ಯೌವನದ ಮಾನಸಿಕ ತೊಂದರೆಗಳನ್ನು ಕುರಿತ ಈ ಉಪನ್ಯಾಸಗಳು ಅದೇ ವರ್ಷ ಪುಸ್ತಕರೂಪದಲ್ಲಿ ಪ್ರಕಟವಾದವು. ಇಲ್ಲಿ ಅವರು ಹಿಂದಿನ ಜನಾಂಗೀಯ ವಿಭಜನೆಗೆ ಒತ್ತು ಕೊಡದೆ, ಬೌದ್ಧಿಕ ನ್ಯೂನತೆಯನ್ನು ಕಾರಣಗಳ ಆಧಾರದ ಮೇಲೆ ಜನ್ಮಜಾತ, ಬೆಳವಣಿಗೆಯ ಹಂತದಲ್ಲಿ ಕಾಣಿಸಿಕೊಳ್ಳುವ ಮತ್ತು ಆಕಸ್ಮಿಕ ಎಂದು ಮೂರು ಬಗೆಯಾಗಿ ವಿಂಗಡಿಸಿದರು.

ಬೌದ್ಧಿಕ ನ್ಯೂನತೆಯಿದ್ದರೂ ಯಾವುದಾದರೊಂದು ಕ್ಷೇತ್ರದಲ್ಲಿ ಅಸಾಧಾರಣ ಸಾಮರ್ಥ್ಯ ಹೊಂದಿದ್ದ 10 ಜನರನ್ನು ಅವರು ಈ ಉಪನ್ಯಾಸಗಳಲ್ಲಿ ಪರಿಚಯಿಸಿದರು. ಇಂಥವರನ್ನು ಇಂದು ಸಾವಂಟ್ ಎಂದು ಕರೆಯಲಾಗುತ್ತದೆ. ಸಂಗೀತ, ಲೆಕ್ಕಾಚಾರ ಮತ್ತು ನೆನಪಿನ ಶಕ್ತಿಗೆ ಸಂಬಂಧಿಸಿದ ಪ್ರಕರಣಗಳಲ್ಲದೆ, ಗಡಿಯಾರ ನೋಡದೆಯೇ ನಿಖರವಾಗಿ ಹೊತ್ತು ಹೇಳಬಲ್ಲ ಹುಡುಗನೊಬ್ಬನ ಪ್ರಕರಣವೂ ಅದರಲ್ಲಿದೆ. ಅರ್ಲ್ಸ್‌ವುಡ್‌ನ ನಿವಾಸಿಯಾಗಿದ್ದ ಜೇಮ್ಸ್ ಹೆನ್ರಿ ಪುಲನ್ ಇಂಥವರಲ್ಲಿ ಅತ್ಯಂತ ಪ್ರಸಿದ್ಧರು. ಕಿವಿ ಮಂದವಾಗಿದ್ದು ಮಾತು ಬಹಳ ಕಡಿಮೆಯಿದ್ದ ಅವರು ಬಡಗಿ ಕೆಲಸದಲ್ಲಿ ನಿಷ್ಣಾತರಾಗಿದ್ದರು. ಗ್ರೇಟ್ ಈಸ್ಟರ್ನ್ ಹಡಗಿನ ಸೂಕ್ಷ್ಮ ಮಾದರಿಯನ್ನು ಅವರು ನಿರ್ಮಿಸಿದರು.

ಅಪರೂಪದ ಆನುವಂಶಿಕ ಸ್ಥಿತಿಯ ಆರಂಭಿಕ ಚಿತ್ರಣ

ಡೌನ್ ಅವರು ವಿವರಿಸಿದ ಇನ್ನೊಂದು ಪ್ರಕರಣ ದೀರ್ಘಕಾಲ ಹೆಚ್ಚಿನ ಗಮನ ಸೆಳೆಯಲಿಲ್ಲ. ಬೌದ್ಧಿಕ ನ್ಯೂನತೆಯ ಜೊತೆಗೆ ಗಿಡ್ಡ ನಿಲುವು, ಚಿಕ್ಕ ಕೈಕಾಲುಗಳು, ಅಪೂರ್ಣ ಲೈಂಗಿಕ ಬೆಳವಣಿಗೆ ಮತ್ತು ತೀವ್ರ ಸ್ಥೂಲಕಾಯವಿದ್ದ ಹುಡುಗಿಯೊಬ್ಬಳ ಪ್ರಕರಣವದು. ಅತಿಯಾದ ಮಾಂಸಲತೆ ಎಂಬರ್ಥದ ಪಾಲಿಸಾರ್ಸಿಯಾ ಎಂಬ ಪದವನ್ನು ಇದಕ್ಕೆ ಬಳಸಿದ ಅವರು, ಆಹಾರವನ್ನು ನಿಯಂತ್ರಿಸಿ ಆಕೆಯ ತೂಕ ತಗ್ಗಿಸಲು ಯತ್ನಿಸಿದರು. 1956ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಡರ್, ಲಾಬ್‌ಹಾರ್ಟ್ ಮತ್ತು ವಿಲ್ಲಿ ಅವರು ಇಂಥ ಲಕ್ಷಣಗಳ ಸಮೂಹವನ್ನು ಪ್ರತ್ಯೇಕ ಸಿಂಡ್ರೋಮ್ ಎಂದು ಗುರುತಿಸಿದರು. ಡೌನ್ ಅವರು ಕಂಡ ಹುಡುಗಿಗೆ ಇದೇ ಸ್ಥಿತಿಯಿದ್ದಿರಬೇಕೆಂದು ನಂತರದ ವೈದ್ಯರು ಅಭಿಪ್ರಾಯಪಟ್ಟಿದ್ದಾರೆ.

ಪ್ರಾಡರ್-ವಿಲ್ಲಿ ಸಿಂಡ್ರೋಮ್‌ನಲ್ಲಿ 15ನೆಯ ವರ್ಣತಂತುವಿನ ಒಂದು ಭಾಗದಲ್ಲಿ ತಂದೆಯಿಂದ ಬರುವ ಜೀನ್‌ಗಳು ಕೆಲಸ ಮಾಡುವುದಿಲ್ಲ. ಇದರಿಂದ ಮಿದುಳಿನ ಹೈಪೋಥಲಾಮಸ್ ಭಾಗದ ಕಾರ್ಯ ಏರುಪೇರಾಗುತ್ತದೆ. ಹೊಟ್ಟೆ ತುಂಬಿದೆ ಎಂಬ ಸಂವೇದನೆ ಸರಿಯಾಗಿ ಉಂಟಾಗದ ಕಾರಣ ಬಾಲ್ಯದಿಂದಲೇ ತಣಿಯದ ಹಸಿವು ಕಾಡುತ್ತದೆ. ಅನೇಕರಲ್ಲಿ ನೋವಿನ ಅರಿವು ಮಂದವಾಗಿರುತ್ತದೆ, ಚರ್ಮವನ್ನು ಕೆರೆದು ಗಾಯ ಮಾಡಿಕೊಳ್ಳುವ ಅಭ್ಯಾಸವೂ ಕಂಡುಬರುತ್ತದೆ. ನೋವು ತಿಳಿಯದಿರುವುದರಿಂದ ಗಂಭೀರ ಕಾಯಿಲೆಗಳು ಗಮನಕ್ಕೆ ಬಾರದೆ ಹೋಗುವ ಅಪಾಯವಿದೆ. ಹೊರನೋಟಕ್ಕೆ ಹಟ ಅಥವಾ ಹೊಟ್ಟೆಬಾಕತನವೆಂದು ತೋರುವ ನಡವಳಿಕೆಯ ಮೂಲ ಇಲ್ಲಿ ಸಂವೇದನೆಯ ವ್ಯತ್ಯಾಸದಲ್ಲಿದೆ. ಆದ್ದರಿಂದ ಈ ಸ್ಥಿತಿಯಲ್ಲಿ ನಿಗದಿತ ಊಟದ ವೇಳೆ, ಆಹಾರವನ್ನು ಬೀಗದಲ್ಲಿಡುವುದು ಮತ್ತು ಬದಲಾಗದ ದಿನಚರಿಯಂತಹ ಪರಿಸರದ ವ್ಯವಸ್ಥೆಗಳು ಚಿಕಿತ್ಸೆಯ ಮುಖ್ಯ ಭಾಗವಾಗಿವೆ.

ಸಾಮಾಜಿಕ ನಿಲುವುಗಳು

ಡೌನ್ ಅವರು ಮಹಿಳೆಯರ ಉನ್ನತ ಶಿಕ್ಷಣದ ಬೆಂಬಲಿಗರಾಗಿದ್ದರು. ಓದಿದ ತಾಯಂದಿರಿಗೆ ಬೌದ್ಧಿಕ ನ್ಯೂನತೆಯ ಮಕ್ಕಳು ಹುಟ್ಟುತ್ತಾರೆಂಬ ವಾದ ಅಂದು ವೈದ್ಯರಲ್ಲೂ ಪ್ರಚಲಿತವಾಗಿತ್ತು. ತಮ್ಮ ವೃತ್ತಿಯ ಅನುಭವವನ್ನು ಆಧರಿಸಿ ಡೌನ್ ಅವರು ಈ ವಾದವನ್ನು ನಿರಾಕರಿಸಿದರು.

ನಿಧನ ಮತ್ತು ಕುಟುಂಬ

ಡೌನ್ ಅವರು 7 ಅಕ್ಟೋಬರ್ 1896ರಂದು ತಮ್ಮ 67ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದರು. ಪತ್ನಿ ಮೇರಿ 1901ರಲ್ಲಿ ತೀರಿಕೊಂಡರು. ವೈದ್ಯರಾಗಿದ್ದ ಪುತ್ರರಾದ ರೆಜಿನಾಲ್ಡ್ ಮತ್ತು ಪರ್ಸಿವಲ್ ನಾರ್ಮನ್ಸ್‌ಫೀಲ್ಡ್‌ನ ಹೊಣೆ ಹೊತ್ತರು. ತಂದೆ ಸೂಚಿಸಿದ್ದ ಜನಾಂಗೀಯ ಹೋಲಿಕೆಯು ಆಕಸ್ಮಿಕವಾದುದೆಂದು ರೆಜಿನಾಲ್ಡ್ ಅವರು 20ನೆಯ ಶತಮಾನದ ಆರಂಭದಲ್ಲೇ ಅಭಿಪ್ರಾಯಪಟ್ಟರು. ಈ ಸ್ಥಿತಿಯಲ್ಲಿ ಅಂಗೈಯ ಮೇಲೆ ಕಂಡುಬರುವ ಒಂದೇ ಅಡ್ಡಗೆರೆಯತ್ತಲೂ ಅವರು ಗಮನ ಸೆಳೆದರು. 1905ರಲ್ಲಿ ಹುಟ್ಟಿದ ರೆಜಿನಾಲ್ಡ್ ಅವರ ಮಗನಿಗೆ ಡೌನ್ ಸಿಂಡ್ರೋಮ್ ಇತ್ತು. ತಾತ ಕಟ್ಟಿದ ನಾರ್ಮನ್ಸ್‌ಫೀಲ್ಡ್‌ನಲ್ಲೇ ಬೆಳೆದ ಆತ 60 ವರ್ಷಗಳಿಗೂ ಹೆಚ್ಚು ಕಾಲ ಬದುಕಿದ್ದರು.

ಹೆಸರಿನ ಬದಲಾವಣೆ

1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮಂಡ್ ಟರ್ಪ್ಯಾಂ ಅವರು ಈ ಸ್ಥಿತಿಯುಳ್ಳವರ ಜೀವಕೋಶಗಳಲ್ಲಿ 46ರ ಬದಲು 47 ವರ್ಣತಂತುಗಳಿರುವುದನ್ನು ಪ್ರಕಟಿಸಿದರು. ಹೆಚ್ಚುವರಿಯಾಗಿರುವುದು 21ನೆಯ ವರ್ಣತಂತುವೆಂದು ನಿರ್ಧಾರವಾಯಿತು. ಇದರೊಂದಿಗೆ ಜನಾಂಗ ಮತ್ತು ಕ್ಷಯರೋಗಗಳಿಗೆ ಸಂಬಂಧಿಸಿದ ಹಳೆಯ ವಿವರಣೆಗಳು ಸಂಪೂರ್ಣವಾಗಿ ಬಿದ್ದುಹೋದವು.

1961ರಲ್ಲಿ 19 ಜನ ತಜ್ಞರು ದಿ ಲ್ಯಾನ್ಸೆಟ್ ಪತ್ರಿಕೆಗೆ ಪತ್ರ ಬರೆದು, ದಾರಿತಪ್ಪಿಸುವ ಹಳೆಯ ಹೆಸರನ್ನು ಕೈಬಿಡಬೇಕೆಂದು ಕೋರಿದರು. ಸಹಿ ಮಾಡಿದವರಲ್ಲಿ ಡೌನ್ ಅವರ ಮೊಮ್ಮಗ ನಾರ್ಮನ್ ಅವರೂ ಇದ್ದರು. ಪತ್ರವು ಸೂಚಿಸಿದ ಪರ್ಯಾಯ ಹೆಸರುಗಳಲ್ಲಿ ಡೌನ್ ಅವರ ಹೆಸರನ್ನು ಪತ್ರಿಕೆಯ ಸಂಪಾದಕರು ಮೆಚ್ಚಿದರು. ಮಂಗೋಲಿಯಾ ದೇಶದ ಮನವಿಯ ನಂತರ 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಳೆಯ ಪದದ ಬಳಕೆಯನ್ನು ನಿಲ್ಲಿಸಿತು.

ಪರಂಪರೆ

ಡೌನ್ ಅವರ ಅನೇಕ ಅವಲೋಕನಗಳಿಗೆ ಇಂದಿನ ವಿಜ್ಞಾನದಲ್ಲಿ ವಿವರಣೆ ದೊರೆತಿದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸ್ನಾಯುಗಳ ಬಿಗಿ ಕಡಿಮೆಯಿರುತ್ತದೆ. ಶ್ರವಣ ಮತ್ತು ದೃಷ್ಟಿದೋಷಗಳು ಸಾಮಾನ್ಯ. ಕೇಳಿದ್ದಕ್ಕಿಂತ ನೋಡಿದ್ದನ್ನು ನೆನಪಿಡುವುದು ಅನೇಕರಿಗೆ ಸುಲಭವಾಗಿರುವುದರಿಂದ ಚಿತ್ರಗಳು, ಸನ್ನೆಗಳು ಮತ್ತು ಮಾಡಿ ತೋರಿಸುವಿಕೆ ಕಲಿಕೆಗೆ ನೆರವಾಗುತ್ತವೆ. ಮಾತು, ಚಲನೆ ಮತ್ತು ಇಂದ್ರಿಯಗಳ ತೊಂದರೆಗಳನ್ನು ಬೇಗನೆ ಗುರುತಿಸಿ, ಶೈಶವದಿಂದಲೇ ತರಬೇತಿ ನೀಡುವುದು ಈಗಿನ ಪದ್ಧತಿ. ಆದರೆ ಅಂದಿನಂತೆ ದೊಡ್ಡ ವಸತಿ ಸಂಸ್ಥೆಗಳನ್ನು ಅವಲಂಬಿಸದೆ, ಮನೆಯಲ್ಲಿ ಮತ್ತು ಸಾಮಾನ್ಯ ಶಾಲೆಗಳಲ್ಲಿ ಈ ಕೆಲಸ ನಡೆಯಬೇಕೆಂಬುದು ಇಂದಿನ ನಿಲುವು.

ನಾರ್ಮನ್ಸ್‌ಫೀಲ್ಡ್ 1951ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿ, 1997ರಲ್ಲಿ ಆಸ್ಪತ್ರೆಯಾಗಿ ಮುಚ್ಚಿತು. ಹಳೆಯ ರಂಗಮಂದಿರವಿರುವ ಕಟ್ಟಡವು ಈಗ ಲ್ಯಾಂಗ್ಡನ್ ಡೌನ್ ಕೇಂದ್ರವೆಂದು ಹೆಸರಾಗಿದೆ. ಡೌನ್ ಸಿಂಡ್ರೋಮ್ ಇರುವವರಿಗಾಗಿ ದುಡಿಯುವ ಬ್ರಿಟನ್ನಿನ ಸಂಘದ ಕಚೇರಿಯೂ ಒಂದು ವಸ್ತುಸಂಗ್ರಹಾಲಯವೂ ಅಲ್ಲಿವೆ. 21ನೆಯ ವರ್ಣತಂತುವಿನ ಮೂರು ಪ್ರತಿಗಳನ್ನು ಸೂಚಿಸುವಂತೆ ಪ್ರತಿವರ್ಷ ಮೂರನೆಯ ತಿಂಗಳಾದ ಮಾರ್ಚ್ 21ರಂದು ವಿಶ್ವ ಡೌನ್ ಸಿಂಡ್ರೋಮ್ ದಿನವನ್ನು ಆಚರಿಸಲಾಗುತ್ತದೆ. 2012ರಿಂದ ಈ ದಿನಕ್ಕೆ ವಿಶ್ವಸಂಸ್ಥೆಯ ಮಾನ್ಯತೆಯಿದೆ.